ನಂಜುಂಡ ಟೀ ಕುಡಿದ ಜಾಗ

ಜೂನ್ 5, ಬುಧವಾರ

ನಂಜುಂಡನ ಫೋನು ಇವತ್ತು ಮತ್ತೆ ಹೊಡೆದುಕೊಂಡಿತು. ಗಾಜು ಬಿರುಕು ಬಿಟ್ಟಿದೆ, ಆದರೂ ಗಟ್ಟಿಪಿಂಡ. ಜೀಪು ಹೋಯಿತು, ಜೀಪು ಓಡಿಸುತ್ತಿದ್ದ ನನ್ನ ಮಗ ಹೋದ, ಇದೊಂದು ಉಳಿದುಕೊಂಡಿತು. ಚಾರ್ಜಿಗೆ ಹಾಕುವವಳೂ ನಾನೇ, ಸದ್ದು ಮಾಡಿದರೆ ಬೈಯುವವಳೂ ನಾನೇ.

ಮೈಸೂರಿನ ಒಬ್ಬ ಹೆಂಗಸು ಮಾತಾಡಿದಳು. ಊಟಿಗೆ ಬರುತ್ತಾರಂತೆ. ಚಳಿಗಾಲದಲ್ಲಿ ಫೋನ್ ಮಾಡಿದ್ದಾಗ ನಂಜುಂಡ ಹೇಳಿದ್ದನಂತೆ, ದೊಡ್ಡ ಹೋಟೆಲ್ಲಿಗೆಲ್ಲ ಹೋಗಬೇಡಿ ಮೇಡಂ, ಊಟಿಯಲ್ಲಿ ನಾಲ್ಕು ಗಂಟೆ ಟೀಗೆ ನನಗೊಂದು ಜಾಗ ಗೊತ್ತು, ನಾನೇ ಕರೆದುಕೊಂಡು ಹೋಗುತ್ತೇನೆ ಅಂತ. ಆ ಜಾಗ ಯಾವುದು ಅಂತ ಕೇಳಿದಳು. ಅವನು ಊರಲ್ಲಿಲ್ಲಮ್ಮ ಅಂದೆ. ಯಾವಾಗ ಬರ್ತಾರೆ ಅಂದಳು. ಫೋನ್ ಇಟ್ಟುಬಿಟ್ಟೆ.

ಆಮೇಲೆ ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಶಿವರಾತ್ರಿಗೆ ಮೊದಲು, ಆ ದಿನ, ಅವನು ಗಿರಾಕಿಗಳನ್ನು ಊಟಿ ಸ್ಟೇಷನ್ನಿನಲ್ಲಿ ಇಳಿಸಿದ್ದು ಮಧ್ಯಾಹ್ನ. ಕಲ್ಲಟ್ಟಿ ಇಳಿಜಾರಿನಲ್ಲಿ ಜೀಪು ಉರುಳಿದ್ದು ಮುಸ್ಸಂಜೆ, ಮಂಜಿನಲ್ಲಿ. ನಡುವಿನ ಹೊತ್ತು ಎಲ್ಲಿದ್ದ ಅಂತ ಯಾರೂ ನನಗೆ ಹೇಳಿರಲಿಲ್ಲ. ಇವತ್ತು ಗೊತ್ತಾಯಿತು. ಟೀ ಕುಡಿಯುತ್ತ ಕೂತಿದ್ದ. ಬೆಳಕಿದ್ದಾಗಲೇ ಹೊರಟಿದ್ದರೆ ಮನೆ ಸೇರುತ್ತಿದ್ದ. ಆ ಜಾಗವನ್ನು ನಾನು ನೋಡಬೇಕು. ಒಂದು ಲೋಟ ಟೀ ಕೊಟ್ಟು ನನ್ನ ಮಗನನ್ನು ಕೂರಿಸಿಕೊಂಡವರ ಮುಖ ನೋಡಬೇಕು. ನೋಡಿ, ನಿಮ್ಮ ಹೊಟ್ಟೆ ತಣ್ಣಗಾಯಿತಾ ಅಂತ ಕೇಳಬೇಕು.

ಇವರಿಗೆ ಹೇಳಿದೆ. ಮಗನ ಹೆಸರು ಎತ್ತಿದರೆ ಸಾಕು, ಇವರು ಎದ್ದು ಮಸಿನಗುಡಿಯ ಅಂಗಡಿಗೆ ಹೊರಟುಬಿಡುತ್ತಾರೆ. ಇವತ್ತೂ ಹಾಗೇ ಹೊರಟರು. ನಾನೂ ಹೋಗಿ ಬನ್ನಿ ಅನ್ನಲಿಲ್ಲ. ಆವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಂತು ನಂಜುಂಡನಿಗೆ 'ಹೋಗ್ಬಾ ಮಗ' ಅಂದಿದ್ದೆ. ಅಲ್ಲಿಂದೀಚೆಗೆ ಯಾರಿಗೂ ಆ ಮಾತು ಆಡಿಲ್ಲ. ಆಡುವುದೂ ಇಲ್ಲ.

ಆ ಹುಡುಗಿಗೆ ಜಾಗ ಗೊತ್ತಿರಬೇಕು. ಅವನ ಹೆಂಡತಿ, ತೇನ್ಮೊಳಿ. ಊಟಿ ಪಕ್ಕದ ಹಟ್ಟಿಯ ಬಡಗರ ಹುಡುಗಿ. ಗೂಡಲೂರಿನಲ್ಲಿ ರಿಜಿಸ್ಟ್ರಾರ್ ಮುಂದೆ ಸಹಿ ಹಾಕಿ ಕರೆದುಕೊಂಡು ಬಂದಿದ್ದ. ಅವನ ತಿಥಿಕಾರ್ಯ ಮುಗಿದ ಮೇಲೆ ತವರಿಗೆ ಹೋದಳು, ಈಗ ಊಟಿಯಲ್ಲಿ ಟೀಪುಡಿ, ಚಾಕೊಲೇಟು ಮಾರುವ ಅಂಗಡಿಯಲ್ಲಿ ನಿಲ್ಲುತ್ತಾಳೆ. ನಮ್ಮ ಮನೆಗೆ ಬಂದ ಮೊದಲ ದಿನ ಹೊಸ್ತಿಲಲ್ಲಿ ನನ್ನ ಕಾಲು ಮುಟ್ಟದೆ, ಸುಮ್ಮನೆ ತಲೆ ಬಗ್ಗಿಸಿ ನಿಂತವಳು. ಸೊಂಟ ಬಗ್ಗದ ಸೊಸೆ ಸಿಕ್ಕಿದಳು ಅಂತ ನಾನು ನಮ್ಮೂರು ಮಾವನಲ್ಲಕ್ಕೆಲ್ಲ ಹೇಳಿಕೊಂಡು ತಿರುಗಿದ್ದೆ. ಬೀಗರ ಮನೆ ಬಾಗಿಲನ್ನಂತೂ ಇವತ್ತಿಗೂ ತುಳಿದಿಲ್ಲ. ಕರೆಯದೆ ನಾವ್ಯಾಕೆ ಹೋಗಬೇಕು.

ಅವಳಿಗೆ ಫೋನ್ ಮಾಡಿದೆ. ಬುಧವಾರ ಅವಳಿಗೆ ಅರ್ಧ ದಿನ ರಜವಂತೆ. ಬನ್ನಿ ಅತ್ತೆ ಅಂದಳು. ಅಷ್ಟು ಹೇಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಳು.

ಜೂನ್ 12, ಬುಧವಾರ

ಬಸ್ಸಿನಲ್ಲಿ ಕಣಿವೆ ಕಡೆಯ ಸೀಟು ಸಿಕ್ಕಿತ್ತು. ಯಾರೋ ಹುಡುಗನನ್ನು ಎಬ್ಬಿಸಿ ಬೆಟ್ಟದ ಕಡೆ ಕೂತೆ. ಜೀಪು ಉರುಳಿದ ಆ ತಿರುವು ಬರುವಾಗ ಸೆರಗು ಮುಖಕ್ಕೆ ಹಾಕಿಕೊಂಡೆ.

ಆ ಹುಡುಗಿ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಬಡವಾಗಿದ್ದಾಳೆ. ಕರೆದುಕೊಂಡು ಹೋಗಿದ್ದು ದೊರೆಗಳ ಕಾಲದ ಒಂದು ಹಳೇ ಹೋಟೆಲ್ಲಿಗೆ. ಗೋಡೆ ಮೇಲೆ ಕಾಡೆಮ್ಮೆ ತಲೆ, ನೆಲಕ್ಕೆ ಮರ, ನಡೆದರೆ ಕಿರ್ ಅನ್ನುತ್ತದೆ. ಮೂರಂತಸ್ತಿನ ತಟ್ಟೆಯಲ್ಲಿ ತಿಂಡಿ ತಂದಿಟ್ಟರು. ಟೀ ಬೇರೆ, ಹಾಲು ಬೇರೆ, ಸಕ್ಕರೆ ಬೇರೆ. ಎಲ್ಲ ನಾವೇ ಬೆರೆಸಿಕೊಳ್ಳುವುದಾದರೆ ಇವರ ಮನೆಗೆ ಯಾಕೆ ಬರಬೇಕು ಅಂದೆ. ಅವಳು ನಕ್ಕಳು, ಆಮೇಲೆ ನಗಬಾರದಿತ್ತೇನೋ ಅನ್ನುವ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಇದೇನಾ ಆ ಜಾಗ ಅಂತ ಕೇಳಿದೆ. ಇಲ್ಲ ಅತ್ತೆ, ಇಲ್ಲಿಗೂ ಗಿರಾಕಿಗಳನ್ನು ಕರೆತರುತ್ತಿದ್ದರು, ಆದರೆ ಆವತ್ತು ಬಂದಿದ್ದು ಇಲ್ಲಿಗಲ್ಲ ಅಂದಳು. ಹಾಗಾದರೆ ಇಲ್ಲಿಗೆ ಯಾಕೆ ಕರೆತಂದೆ ಅಂದರೆ ನನ್ನ ಕಪ್ಪಿಗೆ ಇನ್ನಷ್ಟು ಟೀ ಬಗ್ಗಿಸಿದಳು. ಆಮೇಲೆ ತಾನಾಗೇ ಹೇಳಿದಳು. ಒಂದು ಸಲ ಗಿರಾಕಿಗಳು ಬಿಟ್ಟು ಎದ್ದ ಸೌತೆಕಾಯಿ ಸ್ಯಾಂಡ್‌ವಿಚ್ಚನ್ನೆಲ್ಲ ಕರವಸ್ತ್ರದಲ್ಲಿ ಕಟ್ಟಿಕೊಂಡು ಜೀಪಿನಲ್ಲಿ ಕೂತು ತಿಂದಿದ್ದನಂತೆ. ಅವಳಿಗೂ ಎರಡು ಉಳಿಸಿ ತಂದಿದ್ದನಂತೆ. ಅದನ್ನು ಹೇಳುವಾಗ ಅವಳ ಮುಖ ನೋಡುವುದಕ್ಕೆ ನನ್ನಿಂದ ಆಗಲಿಲ್ಲ.

ಮುಂದಿನ ಸಲ ತೋರಿಸ್ತೀನಿ ಅಂದಿದ್ದಾಳೆ.

ಜೂನ್ 13, ಗುರುವಾರ

ನಮ್ಮ ಮನೆಯಲ್ಲಿ ಸೌತೆಕಾಯಿ ಕೋಸಂಬರಿ ಮಾಡಿದರೆ ತಟ್ಟೆ ಅಂಚಿಗೆ ತಳ್ಳುತ್ತಿದ್ದ. ಇಷ್ಟ ಅಂತ ನನಗೆ ಗೊತ್ತೇ ಇರಲಿಲ್ಲ.

ಜೂನ್ 26, ಬುಧವಾರ

ಇವತ್ತು ಚಾರಿಂಗ್ ಕ್ರಾಸ್ ಹತ್ತಿರದ ಬೇಕರಿ. ಸಣ್ಣಗೆ ಮಳೆ, ಕೊಡೆ ಒಂದೇ, ಇಬ್ಬರೂ ಅರ್ಧರ್ಧ ನೆನೆದೆವು. ಬಿಸಿ ವರ್ಕಿ ಕೊಟ್ಟರು, ಪದರ ಪದರದ ಬಿಸ್ಕತ್ತು. ಮುಟ್ಟಿದರೆ ಪುಡಿ, ಸೀರೆಯೆಲ್ಲ ಚೂರು. ವರ್ಕಿ ಚೆನ್ನಾಗಿತ್ತು, ಟೀ ಬಣ್ಣದ ನೀರು. ಹಾಲು ಹಾಕಿ ಕುದಿಸಿ ಕುದಿಸಿ ಸಾಯಿಸಿದ್ದರು.

ಟೀ ಅಂದರೆ ನಾನು ಮಾಡುತ್ತಿದ್ದೆ. ಶುಂಠಿಯ ಜೊತೆ ಕಾಳುಮೆಣಸು ಜಜ್ಜಿ ಹಾಕಿ, ಬೆಲ್ಲ ಕರಗಿಸಿ, ಪುಡಿ ಹಾಕಿ, ಒಲೆಯಿಂದ ಇಳಿಸಿದ ಮೇಲೆ ಹಾಲು. ಬೆಲ್ಲದ ಟೀಗೆ ಒಲೆ ಮೇಲೇ ಹಾಲು ಸುರಿದರೆ ಒಡೆದುಹೋಗುತ್ತದೆ. ನನ್ನ ಅವ್ವ ಗುಂಡ್ಲುಪೇಟೆಯಲ್ಲಿ ಹಾಗೇ ಮಾಡುತ್ತಿದ್ದಳು. ನಂಜುಂಡ ಸ್ಕೂಲಿಂದ ಬಂದರೆ ಚೀಲ ಇಳಿಸುವ ಮೊದಲು ಅದನ್ನೇ ಕೇಳುತ್ತಿದ್ದ. ಈಗ ಮಾಡುವುದನ್ನು ಬಿಟ್ಟಿದ್ದೇನೆ. ಯಾರಿಗೆ ಮಾಡಲಿ. ಇವರಿಗೆ ಕಾಫಿ ಸಾಕು.

ಈ ಬೇಕರಿಯೂ ಆ ಜಾಗವಲ್ಲ. ಈ ಹುಡುಗಿ ನನ್ನನ್ನು ಆಟ ಆಡಿಸುತ್ತಿದ್ದಾಳೆ ಅಂತ ಸಿಟ್ಟು ಬಂತು, ಗದರಿದೆ. ತಲೆ ತಗ್ಗಿಸಿದಳು. ಆದರೆ ಬಸ್ಸು ಹೊರಡುವವರೆಗೂ ನಂಜುಂಡನ ಮಾತೇ ಆಡಿದಳು. ಮೋಯಾರಿನಲ್ಲಿ ಒಂಟಿ ಸಲಗ ಅಡ್ಡ ನಿಂತಾಗ ಜೀಪು ಆರಿಸಿ, ಸುಮ್ಮನಿರಿ ಸುಮ್ಮನಿರಿ ಅಂತ ಗಿರಾಕಿಗಳಿಗೆ ಹೇಳುತ್ತ ತಾನೇ ನಡುಗುತ್ತಿದ್ದನಂತೆ. ನನಗೆ ಬಂದು ಹೇಳಿದ್ದೇ ಬೇರೆ, ಆನೆಗೆ ಕೈಮುಗಿದೆ, ಹೋಯಿತು ಅಂತ. ಕಳ್ಳ.

ಇಷ್ಟು ತಿಂಗಳಾಯಿತು, ನನ್ನ ಮುಂದೆ ಅವನ ಹೆಸರು ಬಾಯಿಬಿಟ್ಟು ಹೇಳುವವಳು ಇವಳೊಬ್ಬಳೇ.

ಜುಲೈ 10, ಬುಧವಾರ

ದೊಡ್ಡಬೆಟ್ಟದ ದಾರಿಯ ಟೀ ಫ್ಯಾಕ್ಟರಿ. ಎಲೆ ಬಾಡಿಸುವುದು, ಅರೆಯುವುದು ಎಲ್ಲ ತೋರಿಸಿ ಕೊನೆಯಲ್ಲಿ ಸಣ್ಣ ಕಪ್ಪಿನಲ್ಲಿ ಏಲಕ್ಕಿ ಟೀ ಕೊಡುತ್ತಾರೆ. ಜನ ನೂಕುನುಗ್ಗಲು. ತೇನ್ಮೊಳಿ ನನ್ನ ತೋಳು ಹಿಡಿದುಕೊಂಡೇ ಇದ್ದಳು. ಅಲ್ಲಿನ ಹುಡುಗಿ, ನಿಮ್ಮ ಅಮ್ಮನಾ ಅಂತ ಕೇಳಿದ್ದಕ್ಕೆ ಹೂಂ ಅಂದುಬಿಟ್ಟಳು. ನಾನೂ ತಿದ್ದಲಿಲ್ಲ. ಆ ಗಲಾಟೆಯಲ್ಲಿ ಯಾರು ತಿದ್ದುತ್ತಾ ಕೂರುತ್ತಾರೆ.

ಅವಳಿಗೆ ಒಂದು ಡಬ್ಬಿ ನುಚ್ಚಿನುಂಡೆ ಮಾಡಿಕೊಂಡು ಹೋಗಿದ್ದೆ. ಬೆಳಿಗ್ಗೆ ಹೇಗೂ ಒಲೆ ಹಚ್ಚಿದ್ದೆನಲ್ಲ, ಅದಕ್ಕೆ.

ಜಾಗ ಯಾವುದು ಅಂತ ಇವತ್ತು ಕೇಳುವುದು ಮರೆತುಹೋಯಿತು. ಬಸ್ಸು ಹತ್ತಿದ ಮೇಲೆ ನೆನಪಾಯಿತು. ಕೇಳಿ ತಿಳಿದುಕೊಂಡರೆ ಆಮೇಲೆ ಬುಧವಾರ ಏನು ಮಾಡುವುದು ಅನ್ನಿಸಿತು.

ಜುಲೈ 24, ಬುಧವಾರ

ಹಾಳು ದಿನ.

ರೈಲ್ವೆ ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಕೂತಿದ್ದೆವು. ಪುಟ್ಟ ರೈಲು ಬಂದು ನಿಂತಿತ್ತು, ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ತೇನ್ಮೊಳಿಯ ಹಟ್ಟಿಯ ಮುದುಕರೊಬ್ಬರು ಹತ್ತಿರ ಬಂದರು, ಬಿಳೀ ಪಂಚೆ, ಬಿಳೀ ಶಾಲು. ಇವಳು ಎದ್ದು, ತಲೆ ಮೇಲಿನ ಶಾಲು ಸರಿಸಿ, ಅವರ ಮುಂದೆ ತಲೆ ಬಗ್ಗಿಸಿ ನಿಂತಳು. ಅವರು ಕೈ ಅವಳ ತಲೆ ಮೇಲಿಟ್ಟು ಏನೋ ಒಳ್ಳೆಯ ಮಾತು ಹೇಳಿದರು. ಕೈ ತೆಗೆಯುವವರೆಗೂ ಅವಳು ತಲೆ ಎತ್ತಲಿಲ್ಲ.

ಹಬ್ಬದಲ್ಲಿ ಬಡಗರು ಹೀಗೆ ಮಾಡುವುದನ್ನು ದೂರದಿಂದ ನೋಡಿದ್ದೆ. ನಮ್ಮ ಹೊಸ್ತಿಲಲ್ಲೂ ಅದೇ ನಡೆದಿತ್ತು ಅಂತ ಹೊಳೆದಿರಲಿಲ್ಲ. ಆವತ್ತು ಇವಳು ತಲೆ ಬಗ್ಗಿಸಿ ಎಷ್ಟು ಹೊತ್ತು ನಿಂತಿದ್ದಳು. ನಾನು ಕಾಲಿಗೆ ಬೀಳುತ್ತಾಳೆ ಅಂತ ಕಾದೆ, ಅವಳು ನನ್ನ ಕೈಗೆ ಕಾದಳು. ನಾನು ಮುಖ ತಿರುಗಿಸಿ ಒಳಗೆ ಹೋದೆ. ನಂಜುಂಡ ನಗುತ್ತಾ ಅವಳ ತಲೆ ಎತ್ತಿಸಿ ಕರೆದುಕೊಂಡು ಬಂದಿದ್ದ.

ಅದನ್ನು ಅವಳಿಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಮುದುಕರು ಅವರ ಮಾತಿನಲ್ಲಿ ಕೇಳಿದರು, ಕೋತಗಿರಿ ಕಡೆಯವರಿಗೆ ಏನು ಹೇಳಿದೆ, ಆ ದಿನೇಶ್‌ಕುಮಾರ್ ಒಳ್ಳೆ ಹುಡುಗ, ಎಷ್ಟು ದಿನ ಕಾಯಿಸುತ್ತೀ ಅಂತ. ಬಡಗ ಮಾತು ಅರ್ಧ ನಮ್ಮ ಕನ್ನಡವೇ. ನನಗೆ ಅರ್ಥವಾಗುವುದಿಲ್ಲ ಅಂದುಕೊಂಡರೇನೋ.

ಅವರಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗುವುದು ಹೊಸದಲ್ಲ, ಗೊತ್ತು. ಅವಳಿಗಿನ್ನೂ ಚಿಕ್ಕ ವಯಸ್ಸು, ಅದೂ ಗೊತ್ತು. ನಾನು ಟೀ ಅರ್ಧಕ್ಕೇ ಬಿಟ್ಟು ಎದ್ದೆ. ಅತ್ತೆ, ಅತ್ತೆ ಅಂತ ಸ್ಟ್ಯಾಂಡಿನವರೆಗೂ ಹಿಂದೆ ಬಂದಳು. ನಾನು ತಿರುಗಿ ನೋಡಲಿಲ್ಲ.

ಜುಲೈ 25, ಗುರುವಾರ

ಹೋಗಲಿ. ಅವಳ ಬದುಕು ಅವಳದು. ನನ್ನ ಮಗನೇ ಉಳಿಯಲಿಲ್ಲ, ಇವಳ್ಯಾವ ಲೆಕ್ಕ.

ಕೋತಗಿರಿಗೆ ಹೋದ ಮೇಲೆ ಅಲ್ಲಿ ನಂಜುಂಡನ ಹೆಸರು ಹೇಳುತ್ತಾಳಾ? ಹೇಳುವ ಹಾಗಿಲ್ಲ. ಅವಳ ಹತ್ತಿರ ಇರುವ ನಂಜುಂಡ ಅವಳ ಜೊತೆಗೇ ಹೋಗಿಬಿಡುತ್ತಾನೆ. ನನ್ನ ಹತ್ತಿರ ಇರುವುದು ಈ ಒಡೆದ ಫೋನು.

ಆಗಸ್ಟ್ 7, ಬುಧವಾರ

ಹೋಗಲಿಲ್ಲ. ನಂಜುಂಡನ ಫೋನು ಎರಡು ಸಲ ಹೊಡೆದುಕೊಂಡಿತು. 'ತೇನು' ಅಂತ ಬಂತು. ಅವನು ಹಾಗೆ ಬರೆದಿಟ್ಟುಕೊಂಡಿದ್ದ. ತೆಗೆಯಲಿಲ್ಲ.

ಆಗಸ್ಟ್ 14, ಬುಧವಾರ

ಊಟಿ ಬಸ್ಸು ಹೋಯಿತು ಅಂದರು ಇವರು. ಗೊತ್ತು ಅಂದೆ.

ಆಗಸ್ಟ್ 21, ಬುಧವಾರ

ಎಲ್ಲವನ್ನೂ ಬರೆದಿಡಬೇಕು.

ಬೆಳಿಗ್ಗೆ ಕಸ ಗುಡಿಸುತ್ತಿದ್ದೆ, ತೇನ್ಮೊಳಿ ಗೇಟಿನ ಹತ್ತಿರ ನಿಂತಿದ್ದಳು. ಮೊದಲ ಬಸ್ಸಿಗೇ ಇಳಿದು ಬಂದಿದ್ದಾಳೆ. ಒಳಗೆ ಬಾ ಅಂದರೆ ಬರಲಿಲ್ಲ. "ಆ ಜಾಗ ತೋರಿಸ್ತೀನಿ ಅತ್ತೆ. ಇವತ್ತು ಸುಳ್ಳು ಹೇಳಲ್ಲ" ಅಂದಳು. ತಿಂಡಿ ತಿನ್ನುವುದಕ್ಕೂ ಬಿಡದೆ ನನ್ನನ್ನು ಮುಂದಿನ ಬಸ್ಸಿಗೆ ಹತ್ತಿಸಿದಳು.

ದಾರಿಯಲ್ಲಿ ಅಳುತ್ತಾ ಹೇಳಿದಳು, ನಿಮಗೆ ಆ ಜಾಗ ತೋರಿಸಿದರೆ ನೀವು ಮತ್ತೆ ಬರಲ್ಲ ಅಂತ ಗೊತ್ತಿತ್ತು, ಅದಕ್ಕೇ ಅಲ್ಲಿ ಇಲ್ಲಿ ಸುತ್ತಿಸಿದೆ ಅಂತ. ಇನ್ನೂ ಒಂದು ಭಯ ಇತ್ತು, ಅಲ್ಲಿಗೆ ಹೋದ ಮೇಲೆ ನಿಮಗೇ ತಿಳಿಯುತ್ತದೆ ಅಂದಳು. ನಾನು ಅವಳ ಕಣ್ಣೊರೆಸುವ ಗಡಿಬಿಡಿಯಲ್ಲಿ ಕಣಿವೆ ಕಡೆಯ ಕಿಟಕಿಗೇ ಕೂತುಬಿಟ್ಟಿದ್ದೆ. ಆ ತಿರುವು ಬಂದೇಬಿಟ್ಟಿತು. ಅವಳು ನನ್ನ ಕೈ ಹಿಡಿದುಕೊಂಡಳು. ಕೆಳಗೆ ನೋಡಿದೆ. ಲಂಟಾನ ಪೊದೆ, ಮುರಿದ ಒಂದು ಮರ, ಮಂಜು. ಅಷ್ಟೇ ಇತ್ತು.

ಊಟಿಯಿಂದ ಇನ್ನೊಂದು ಬಸ್ಸು. ಇಳಿದು ಟೀ ತೋಟದ ನಡುವೆ ಮೇಲಕ್ಕೆ ನಡೆದೆವು. ಸಾಲು ಮನೆಗಳ ಹಟ್ಟಿ, ಮುಂದೆ ಅಂಗಳ. ಒಂದು ಬಾಗಿಲಲ್ಲಿ ನನ್ನ ವಯಸ್ಸಿನ ಹೆಂಗಸು ನಿಂತಿದ್ದಳು, ಹಣೆವರೆಗೂ ಬಿಳೀ ವಸ್ತ್ರ ಕಟ್ಟಿದ್ದಳು. ತೇನ್ಮೊಳಿಯ ತಾಯಿ, ಚಿನ್ನಮ್ಮಾಳ್. ನನ್ನ ಬೀಗಿತ್ತಿ. ಕಾರ್ಯದ ದಿನ ಒಂದು ಮೂಲೆಯಲ್ಲಿ ಕೂತು ಹೋಗಿದ್ದಳು, ನಾನು ಆವತ್ತು ಯಾರ ಮುಖವನ್ನೂ ನೋಡಿರಲಿಲ್ಲ.

ಇದೇನಾ ಅಂತ ಕೇಳಿದೆ. ತೇನ್ಮೊಳಿ ತಲೆಯಾಡಿಸಿದಳು.

ನನ್ನ ಕಾಲು ಅಂಗಳದಲ್ಲೇ ನಿಂತಿತು. ಜೂನಿನಿಂದ ನಾನು ಬೈಗುಳ ಕೂಡಿಟ್ಟುಕೊಂಡು ಬಂದಿದ್ದು ಈ ಮುಖಕ್ಕೆ. ಅವಳು ಒಳಗೆ ಕರೆದು ಕೂರಿಸಿದಳು. ಕಿಟಕಿ ಪಕ್ಕ ಒಂದು ಕುರ್ಚಿ, ಅಲ್ಲಿಂದ ತೋಟವೆಲ್ಲ ಕಾಣುತ್ತದೆ. ನಿಮ್ಮ ಮಗ ಇಲ್ಲೇ ಕೂರುತ್ತಿದ್ದ, ಮನಸ್ಸಿಗೆ ಹಿಡಿಸಿದ ಗಿರಾಕಿಗಳು ಸಿಕ್ಕಿದರೆ ಅವರನ್ನೂ ಕರೆತರುತ್ತಿದ್ದ, ಊಟಿಯಲ್ಲಿ ಟೀ ಅಂದರೆ ಇದೇ ಅನ್ನುತ್ತಿದ್ದ ಅಂದಳು. ಆಮೇಲೆ ಲೋಟ ತಂದು ಕೈಗೆ ಕೊಟ್ಟಳು.

ಬಾಯಿಗಿಟ್ಟ ಕೂಡಲೇ ಗೊತ್ತಾಯಿತು. ಶುಂಠಿ, ಜಜ್ಜಿದ ಕಾಳುಮೆಣಸು, ಬೆಲ್ಲ. ಹಾಲು ಒಡೆದಿಲ್ಲ. ನನ್ನ ಟೀ. ನನ್ನ ಅವ್ವನ ಟೀ.

ಅವನೇ ಒಲೆ ಮುಂದೆ ಕೂತು ಚಿನ್ನಮ್ಮಾಳಿಗೆ ಹೇಳಿಕೊಟ್ಟಿದ್ದನಂತೆ. ಮೊದಮೊದಲು ಹಾಲು ಒಡೆದುಹೋಗುತ್ತಿತ್ತಂತೆ, ಇಳಿಸಿ ಹಾಕಿ, ನಮ್ಮವ್ವ ಇಳಿಸಿಯೇ ಹಾಕೋದು ಅಂತ ಗದರುತ್ತಿದ್ದನಂತೆ. ಒಂದು ದಿನ ಅವ್ವನನ್ನೂ ಕರೆತಂದು ಈ ಕುರ್ಚಿಯಲ್ಲಿ ಕೂರಿಸುತ್ತೇನೆ, ಕುಡಿದು ಏನು ಹೇಳುತ್ತಾಳೋ ನೋಡೋಣ ಅನ್ನುತ್ತಿದ್ದನಂತೆ. ನಾನು ಲೋಟ ಹಿಡಿದುಕೊಂಡು ಅತ್ತುಬಿಟ್ಟೆ. ಅವನು ಹೋದ ದಿನವೂ ಹೀಗೆ ಅತ್ತಿರಲಿಲ್ಲ.

ಚಿನ್ನಮ್ಮಾಳ್ ನೆಲ ನೋಡುತ್ತ ಹೇಳಿದಳು, "ಮಂಜು ಇಳೀತಿದೆ, ಹೊರಡು ಅಂದೆ. ಇನ್ನೊಂದು ಲೋಟ ಕೊಡಿ ಅಂದ. ಕೊಟ್ಟೆ. ಕೊಡಬಾರದಿತ್ತು."

ಹೊಟ್ಟೆ ತಣ್ಣಗಾಯಿತಾ ಅಂತ ಕೇಳಬೇಕು ಅಂತಿದ್ದೆನಲ್ಲ. ನನ್ನ ಬಾಯಲ್ಲಿ ಬಂದಿದ್ದು ಬೇರೆ. "ಅವನು ಕೇಳಿದ್ದರೆ ನಾನೂ ಕೊಡ್ತಿದ್ದೆ ಕಣವ್ವ" ಅಂದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಆಮೇಲೆ ಕೋತಗಿರಿಯ ವಿಷಯ ಬಂತು. ಹುಡುಗ ಸ್ಕೂಲಿನಲ್ಲಿ ಮೇಷ್ಟ್ರು, ಅವನ ಹೆಂಡತಿಯೂ ತೀರಿಕೊಂಡಿದ್ದಾಳೆ. ಇವಳು ಬೇಡ ಅನ್ನುವುದೂ ಇಲ್ಲ, ಹೂಂ ಅನ್ನುವುದೂ ಇಲ್ಲ. ಅತ್ತೆ ಮನೆಯಿಂದ ನಾನು ಹೇಳಿ ಬಂದಿಲ್ಲ, ಅತ್ತೆ ಹೋಗು ಅಂತಲೂ ಅಂದಿಲ್ಲ ಅನ್ನುತ್ತಾಳಂತೆ. ಚಿನ್ನಮ್ಮಾಳ್ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅಂದುಬಿಡುತ್ತಿದ್ದೆನೇನೋ. ಬೇಡ ಅನ್ನಬೇಕು ಅಂತಲೇ ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಬುಧವಾರಕ್ಕೆ ನನಗೆ ಇನ್ನು ಯಾರಿದ್ದಾರೆ.

ಹೊರಡುವ ಹೊತ್ತಿಗೆ ಮಂಜು ಅಂಗಳಕ್ಕೆ ಬಂದಿತ್ತು. ತೇನು ಬಾಗಿಲಲ್ಲಿ ಬಂದು ನಿಂತಳು. ಶಾಲು ಸರಿಸಿ, ತಲೆ ಬಗ್ಗಿಸಿದಳು. ಬೈತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು, ಈ ವಯಸ್ಸಿಗೆ. ನಾನು ಕೈ ಇಟ್ಟೆ. ಕೂದಲು ಮಂಜಿಗೆ ಒದ್ದೆಯಾಗಿತ್ತು. ಅವರು ಹರಸುವ ಮಾತು ನನಗೆ ಬರುವುದಿಲ್ಲ. ಕೈ ತೆಗೆದರೆ ಅವಳು ತಲೆ ಎತ್ತುತ್ತಾಳೆ, ಎತ್ತಿದರೆ ಹೋಗುತ್ತಾಳೆ. ಬಹಳ ಹೊತ್ತು ಇಟ್ಟುಕೊಂಡೇ ಇದ್ದೆ. ಅವಳೂ ಅಲುಗಲಿಲ್ಲ.

"ಹೋಗ್ಬಾ ಮಗ" ಅಂದೆ.

ಸೆಪ್ಟೆಂಬರ್ 25, ಬುಧವಾರ

ಹೋದ ಭಾನುವಾರ ಮದುವೆ ಆಯಿತು. ಚಿನ್ನಮ್ಮಾಳ್ ತಾನೇ ಬಂದು ಕರೆದಿದ್ದಳು. ನಾನು ಹೋಗಲಿಲ್ಲ. ಮೊದಲ ಗಂಡನ ತಾಯಿ ಎದುರಿಗೆ ಕೂತರೆ ಹುಡುಗಿ ಹೇಗೆ ತಾನೇ ನಗುತ್ತಾಳೆ. ಒಂದು ಸೀರೆ, ಒಂದು ಡಬ್ಬಿ ನುಚ್ಚಿನುಂಡೆ ಕೊಟ್ಟು ಕಳಿಸಿದೆ.

ಇವತ್ತು ಬೆಳಿಗ್ಗೆ ಎದ್ದವಳೇ ಒಳ್ಳೆ ಸೀರೆ ಉಟ್ಟುಕೊಂಡಿದ್ದೆ. ಎಲ್ಲಿಗೆ ಅಂತ ಆಮೇಲೆ ನೆನಪಾಯಿತು. ಮತ್ತೆ ಬಿಚ್ಚಿ ಮಡಿಸಿಟ್ಟೆ. ಒಳಗೆಲ್ಲ ಖಾಲಿ ಖಾಲಿ. ಎರಡನೇ ಸಲ ಕಳೆದುಕೊಂಡ ಹಾಗೆ ಆಗಿದೆ, ಈ ಸಲ ಯಾರ ಹತ್ತಿರವೂ ಹೇಳಿಕೊಂಡು ಅಳುವ ಹಾಗೂ ಇಲ್ಲ.

ಮೈಸೂರಿನ ಆ ಹೆಂಗಸು ಮತ್ತೆ ಫೋನ್ ಮಾಡಿದ್ದಳು. ದಸರಾ ರಜೆಗೆ ಬರುತ್ತಾರಂತೆ, ನಂಜುಂಡ ಅವರು ಬಂದರಾ ಅಂದಳು. ಇಲ್ಲಮ್ಮ, ನನ್ನ ಮಗ ತೀರಿಕೊಂಡ ಅಂದೆ. ಅಯ್ಯೋ ಅಂದಳು, ಪಾಪ. ಆ ಟೀ ಜಾಗ ಒಂದು ಮನೆ, ಅಲ್ಲಿಗೆ ಕರೆದುಕೊಂಡು ಹೋಗುವ ಹುಡುಗ ಹೋದ, ಹುಡುಗಿಯೂ ಈಗ ಬೇರೆ ಊರು ಅಂತ ನಾನೇ ಹೇಳಿದೆ. ನೀವು ಹುಷಾರಾಗಿ ಬನ್ನಿ, ಕತ್ತಲಾಗುವ ಮೊದಲು ಬೆಟ್ಟ ಇಳಿಯಿರಿ ಅಂದೆ.

ಮಧ್ಯಾಹ್ನ ಸುಮ್ಮನೆ ಕೂರಲಾಗದೆ ಶುಂಠಿ ಜಜ್ಜಿದೆ. ಟೀ ಮಾಡಿದೆ. ಇವರು ಲೋಟ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದು, ಆರಿಸಿ ಆರಿಸಿ ಪೂರ್ತಿ ಕುಡಿದರು. ಬೆಲ್ಲ ಜಾಸ್ತಿ ಅಂತಲೂ ಹೇಳಲಿಲ್ಲ, ಕಮ್ಮಿ ಅಂತಲೂ ಹೇಳಲಿಲ್ಲ. ಕಣ್ಣು ಕೆಂಪಾಗಿತ್ತು.

ಆಮೇಲೆ ಶಾಲು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೊರಟರು. ಹೋಗಿ ಬನ್ನಿ ಅಂದೆ. ಗೇಟಿನ ಹತ್ತಿರ ನಿಂತು ತಿರುಗಿ ನನ್ನನ್ನೇ ನೋಡಿದರು. ಯಾಕೆ ಹಾಗೆ ನೋಡಿದರೋ ಗೊತ್ತಾಗಲಿಲ್ಲ.